ತಪ್ಪು ಸಾವ್ಕಾರನದಲ್ಲ, ಅತ್ತೆ

ಗುಬ್ಬಿ
೧೨-೧-೧೯೮೨

ಪೂಜ್ಯ ಅತ್ತೆಯವರ ಪಾದಗಳಿಗೆ ಹಿರಿಸೊಸೆ ಕಲ್ಲಮ್ಮನ ಶರಣು ಶರಣಾರ್ಥಿ.

ಕಾರ್ಡಿನಲ್ಲಿ ಬರೆದರೆ ಕೊತ್ತಗೆರೆಯ ಅರ್ಧ ಊರು ಓದುತ್ತದೆ ಎಂದು ಲಕೋಟೆಗೆ ಹಾಕಿ ಅಂಟಿಸಿ ಕಳಿಸುತ್ತಿದ್ದೇನೆ. ಮೊಮ್ಮಕ್ಕಳ ಕೈಗೆ ಕೊಟ್ಟು ಓದಿಸಬೇಡಿ. ಕನ್ನಡಕ ಹಾಕಿಕೊಂಡು, ಒಬ್ಬರೇ ಇರುವಾಗ ಓದಿ. ಸಾವ್ಕಾರನ ಹೆಸರು ಕಂಡ ಕೂಡಲೇ ಮಡಿಸಿ ಇಟ್ಟುಬಿಡಬೇಡಿ. ಆ ಗಿಣಿಗೆ ಹೆಸರಿಟ್ಟವರೇ ನೀವು. ತೆಂಗಿನ ಮರದಡಿ ರೆಕ್ಕೆ ಮುರಿದುಕೊಂಡು ಬಿದ್ದಿದ್ದವನನ್ನು ನಿಮ್ಮ ಮಗ ಟವೆಲ್ಲಿನಲ್ಲಿ ಸುತ್ತಿ ತಂದಾಗ, ಕಡಲೆಕಾಯಿ ಸುಲಿದು ಕೊಟ್ಟರಷ್ಟೇ ತಿನ್ನುತ್ತಾನೆ, ಯಾವೂರ ಸಾವ್ಕಾರನೋ ಇವನು ಎಂದು ನಕ್ಕಿದ್ದಿರಿ.

ಶ್ರಾವಣದ ಆ ಸೋಮವಾರದ ವಿಷಯ ಮೊದಲು ಹೇಳಿ ಮುಗಿಸುತ್ತೇನೆ. ಚನ್ನವೀರಯ್ಯನವರನ್ನು ಪೂಜೆಗೆ ಕರೆದಿದ್ದಿರಿ. ಪಡಸಾಲೆಯಲ್ಲಿ ಮಣೆ ಹಾಕಿ ಅಯ್ಯನವರನ್ನು ಕೂರಿಸಿ, ನೀವು ಗಂಟೆ ಬಾರಿಸಿದಿರಿ. ಬಾರಿಸಿದ್ದೇ ತಡ, ಬಟ್ಟೆಯ ಗಳದ ಮೇಲೆ ಹತ್ತಿ ಕುಳಿತಿದ್ದ ಸಾವ್ಕಾರ ಅವರ ಹೊಸ ಶಲ್ಯದ ಮೇಲೆ ಹಿಕ್ಕೆ ಹಾಕಿದ. ಅಯ್ಯನವರು ಒರೆಸಿಕೊಂಡು ನಕ್ಕರು. ನೀವು ನಗಲಿಲ್ಲ. ಸಂಜೆ ನಿಮ್ಮ ಮಗ ಚೇಳೂರಿನ ಸ್ಕೂಲು ಮುಗಿಸಿ ಬರುವುದನ್ನೇ ಕಾದಿದ್ದು ಹೇಳಿದಿರಿ: “ಈ ಮನೇಲಿ ಅದಾದ್ರೂ ಇರ್ಬೇಕು, ನಾನಾದ್ರೂ ಇರ್ಬೇಕು. ನೋಡ್ಕಳಿ.” ಹಾರಲಾರದ ಹಕ್ಕಿಯನ್ನು ಬೆಕ್ಕಿನ ಬಾಯಿಗೆ ಬಿಡಲೇ ಎಂದು ನಾನೂ ಸೆಟೆದು ಕೇಳಿದೆ. ಮಾರನೆಯ ದಿನ ನೀವು ಟ್ರಂಕು ಎತ್ತಿಕೊಂಡು ಕಿರಿಮಗನ ಮನೆಗೆ ಹೊರಟುಹೋದಿರಿ. ಐದು ತಿಂಗಳಾಯಿತು.

ಅತ್ತೆ, ಅವನಿಗೆ ಅದನ್ನು ಕಲಿಸಿದವಳು ನಾನು.

ನೀವು ಒದ್ದೆ ಬಟ್ಟೆ ಹಿಡಿದು ರೇಡಿಯೊ, ಕುರ್ಚಿ, ಜಮಖಾನ ಎಂದು ಅವನ ಹಿಂದೆ ಒರೆಸಿಕೊಂಡು ತಿರುಗುವುದನ್ನು ನೋಡಲಾರದೆ, ಯುಗಾದಿಯ ಹೊತ್ತಿಗೆ ಅವನಿಗೆ ಒಂದು ಅಭ್ಯಾಸ ಮಾಡಿಸಲು ಹೊರಟೆ. ಬೆಳಿಗ್ಗೆ ಎದ್ದ ತಕ್ಷಣ ಗಿಣಿಗೆ ಆ ಕೆಲಸ ಆಗಲೇಬೇಕು. ನೀವು ದೇವರ ಕೋಣೆಯಲ್ಲಿ ಗಂಟೆ ಬಾರಿಸುವುದೂ ಅದೇ ಹೊತ್ತು. ಗಂಟೆ ಕೇಳಿದೊಡನೆ ಅವನನ್ನು ಪಂಜರದಿಂದ ತೆಗೆದು ಕಿಟಕಿಯ ಸರಳಿನ ಮೇಲೆ ಕೂರಿಸಿ, ಕೆಳಗೆ ಹಳೆಯ ಪೇಪರು ಹಾಸುತ್ತಿದ್ದೆ. ಹಾಕಿದನೆಂದರೆ ಒಂದು ಕಡಲೆಬೀಜ. ಎರಡು ತಿಂಗಳಲ್ಲಿ ಎಷ್ಟು ಚೆನ್ನಾಗಿ ಕಲಿತನೆಂದರೆ, ಗಂಟೆ ಬಾರಿಸಿದರೆ ಸಾಕು, ಆಗಿಬಿಡುತ್ತಿತ್ತು. ನಿಮಗೆ ತೋರಿಸಿ ಶಹಬ್ಬಾಸ್ ಅನ್ನಿಸಿಕೊಳ್ಳಬೇಕೆಂದು ಗುಟ್ಟಾಗಿಟ್ಟಿದ್ದೆ. ಪೂಜೆಯ ದಿನ ಅವನನ್ನು ಪಂಜರದಲ್ಲಿಡಬೇಕೆಂದು ನನಗೆ ಹೊಳೆಯಲೇ ಇಲ್ಲ. ಪಾಪದ ಪ್ರಾಣಿ ಕಲಿತ ಪಾಠ ಒಪ್ಪಿಸಿತು. ನಾನು ಸೌಟು ಹಿಡಿದು ಅಡುಗೆಮನೆ ಬಾಗಿಲ ಹಿಂದೆ ನಿಂತಿದ್ದೆ. ಎದುರಿಗೆ ಬಂದು ಒಪ್ಪಿಕೊಳ್ಳುವ ಧೈರ್ಯ ಆಗಲಿಲ್ಲ.

ನೀವು ಹೋದ ಮೇಲೆ ಎರಡು ಹಟ ಹಿಡಿದೆ. ಗಿಣಿಯನ್ನೂ ಬಿಡುವುದಿಲ್ಲ, ಅತ್ತೆಯನ್ನೂ ಬಿಡುವುದಿಲ್ಲ ಎಂದು. ಸೀಬೆ ಕೊಂಬೆಯೊಂದನ್ನು ನೆಟ್ಟು, ಅದರ ಕೆಳಗೆ ಮರಳು ತುಂಬಿದ ತಗಡಿನ ತಟ್ಟೆ ಇಟ್ಟೆ. ಕೆಲಸ ಬದಿಗಿಟ್ಟು ಅವನನ್ನೇ ನೋಡುತ್ತ ಕೂತೆ. ಹೆಚ್ಚುಕಡಿಮೆ ಕಾಲು ಗಂಟೆಗೊಮ್ಮೆ ಆಗುತ್ತದೆ. ಆಗುವ ಮುಂಚೆ ಎರಡು ಹೆಜ್ಜೆ ಹಿಂದಕ್ಕಿಟ್ಟು ಬಾಲ ಎತ್ತುತ್ತಾನೆ. ಆಗ ಎತ್ತಿ ಕೊಂಬೆಯ ಮೇಲೆ ಕೂರಿಸಿದರೆ ಆಯಿತು. ತಪ್ಪಿದರೆ ಒರೆಸುವುದು, ಮಾತಾಡದಿರುವುದು. ಗಂಟೆಯ ಅಭ್ಯಾಸ ಬಿಡಿಸಲು, ಅದನ್ನು ಬಾರಿಸಿದಾಗಲೆಲ್ಲ ಕಾಳು ಹಾಕುತ್ತ ಬಂದೆ. ಈಗ ಗಂಟೆ ಎಂದರೆ ಅವನಿಗೆ ಊಟ.

ಒಂದು ದಿನ ಮಾತ್ರ ಸೋತೆ. ಆಗಷ್ಟೇ ಒಗೆದು ಹಾಸಿದ್ದ ಹಾಸಿಗೆಯ ಮೇಲೆ ಹಾಕಿದನೆಂದು ಸಿಟ್ಟಿನಲ್ಲಿ ಕೂಗಾಡಿ ಕೈ ಬೀಸಿದೆ. ಅವನು ಬೀರುವಿನ ಹಿಂದೆ ಹೋಗಿ ಸೇರಿಕೊಂಡ. ಕಾಳಿಗೂ ಬರಲಿಲ್ಲ, ಕೊಂಬೆಯ ಮೇಲೆ ಕೂರಿಸಿದರೆ ಹೆದರಿ ಗರಿ ಉಬ್ಬಿಸಿಕೊಂಡು ಬಿಗಿಯಾಗಿ ಕುಳಿತ. ನಾಲ್ಕು ದಿನ ಕದ್ದು ಮೂಲೆಯಲ್ಲಿ ಹಾಕತೊಡಗಿದ. ಬೈದರೆ ಅವನು ಕಲಿಯುವುದು ಬಚ್ಚಿಡುವುದನ್ನು ಮಾತ್ರ ಎಂದು ಅವತ್ತು ತಿಳಿಯಿತು.

ಇನ್ನು ಹೇಳಲೇಬೇಕಾದ ಮಾತಿಗೆ ಬರುತ್ತೇನೆ. ತಿಂಗಳ ಹಿಂದೆ, ಧನುರ್ಮಾಸಕ್ಕೆ ಮುಂಚೆ, ಬೆಳ್ಳಾವಿಯ ಮದುವೆಯಲ್ಲಿ ನಿಮ್ಮ ಕಿರಿಸೊಸೆ ಸಿಕ್ಕಿದ್ದಳು. ದೂರಲಿಲ್ಲ, ಅತ್ತಳು. ನೀವು ಯಾರೂ ಏಳುವ ಮುಂಚೆ ಎದ್ದು ಸೀರೆ ಒಗೆಯುತ್ತೀರಂತೆ. ಸಂಜೆಯಾದ ಮೇಲೆ ನೀರು ಮುಟ್ಟುವುದಿಲ್ಲವಂತೆ. ಮಠಕ್ಕೆ ಹೋಗುವುದಿಲ್ಲ, ಯಾರ ಮನೆಯಲ್ಲೂ ಕೂರುವುದಿಲ್ಲ. ಕೇಳಿದರೆ ವಯಸ್ಸಾಯಿತು ಎಂದು ಮುಖ ತಿರುಗಿಸುತ್ತೀರಂತೆ.

ನನಗೆ ಒಮ್ಮೆ ನೀವು ಕುಳಿತೆದ್ದ ಜಮಖಾನದ ಮೇಲಿದ್ದ ಒದ್ದೆ ನೆನಪಾಯಿತು. ಅದನ್ನು ಸಾವ್ಕಾರನ ತಲೆಗೆ ಕಟ್ಟಿದ್ದಿರಿ. ಅಷ್ಟಗಲದ ಒದ್ದೆ ಗಿಣಿಯದಲ್ಲ ಎಂದು ನನಗೆ ಆಗಲೇ ಅನ್ನಿಸಿತ್ತು. ನೀರು ಚೆಲ್ಲಿರಬೇಕು ಎಂದುಕೊಂಡು ಸುಮ್ಮನಾದೆ. ನೀವು ಅವನ ಮೇಲಿನ ಕೋಪಕ್ಕೆ ಮನೆ ಬಿಟ್ಟಿರಿ ಎಂದು ಊರೆಲ್ಲ ನಂಬಿದೆ, ನಾನೂ ನಂಬಿದ್ದೆ. ನೀವು ಹೊರಟದ್ದು ನಮಗೆ ಗೊತ್ತಾಗಿಬಿಡುತ್ತದೆ ಎಂಬ ಭಯಕ್ಕೆ. ಗಿಣಿಗೂ ನಿಮಗೂ ಹೋಲಿಸುತ್ತಿದ್ದಾಳೆ ಎಂದು ಮುನಿಸಿಕೊಳ್ಳಬೇಡಿ, ಹೋಲಿಸಿದರೆ ಸಾವ್ಕಾರನೇ ಒಪ್ಪುವುದಿಲ್ಲ.

ನಾನು ಮದುವೆಯಾಗಿ ಬಂದ ವರ್ಷ ಟೈಫಾಯಿಡ್ ಬಂದು ಇಪ್ಪತ್ತೆರಡು ದಿನ ಮಲಗಿದ್ದೆ. ಎದ್ದು ಹೋಗಲು ಕಾಲಲ್ಲಿ ಬಲವಿರಲಿಲ್ಲ. ನನ್ನ ಹೊಲಸನ್ನು ನೀವು ಬಾಚಿದಿರಿ. ಹಡೆದವ್ವ ಅಲ್ಲಿರಲಿಲ್ಲ, ನೀವಿದ್ದಿರಿ. ನಾನು ಮುಖ ಮುಚ್ಚಿಕೊಂಡು ಅಳುತ್ತಿದ್ದರೆ ಅಂದಿರಿ: “ನಾಚ್ಕಬ್ಯಾಡ ಕಣವ್ವ. ಮೈ ಅಂದ್ಮೇಲೆ ಇದೆಲ್ಲ ಇರ್ತದೆ.” ಆ ಮಾತು ನನಗೊಬ್ಬಳಿಗೇ ಹೇಳಿದ್ದೇ ಅತ್ತೆ? ನಿಮ್ಮ ಮೈಗೆ ಅದು ಅನ್ವಯಿಸುವುದಿಲ್ಲವೇ?

ತುಮಕೂರಿನಲ್ಲಿ ಒಬ್ಬರು ಲೇಡಿ ಡಾಕ್ಟರನ್ನು ಕಂಡು, ಯಾರ ಹೆಸರೂ ಹೇಳದೆ ಕೇಳಿದೆ. ನಾಲ್ಕಾರು ಹೆತ್ತವರಲ್ಲಿ ಬಹಳ ಜನಕ್ಕೆ ಈ ವಯಸ್ಸಿನಲ್ಲಿ ಹೀಗೆ ತಡೆಯಲಾಗದೆ ಆಗಿಬಿಡುತ್ತದಂತೆ. ನೀರು ಕುಡಿಯುವುದನ್ನು ಬಿಡಬಾರದಂತೆ, ಬಿಟ್ಟರೆ ಉರಿ ಹೆಚ್ಚುತ್ತದೆ. ಹೊತ್ತು ಹೊತ್ತಿಗೆ ಹೋಗಿ ಬರಬೇಕು, ಹೋಗುವ ಜಾಗ ಹತ್ತಿರವಿರಬೇಕು ಎಂದರು. ನಮ್ಮ ಮನೆಯಲ್ಲಿ ಕಕ್ಕಸು ಹಿತ್ತಿಲ ಆ ಕೊನೆಗಿತ್ತು. ಮೊನ್ನೆ ಗಾರೆ ಕೆಲಸದ ದಾಸಯ್ಯನನ್ನು ಕರೆಸಿ, ನಿಮ್ಮ ಕೋಣೆಯ ಹಿಂದಿನ ಗೋಡೆ ಒಡೆಸಿ ಬಾಗಿಲು ಇಡಿಸಿದ್ದೇನೆ. ಅದರಾಚೆಗೇ ಹೊಸದೊಂದು ಕಟ್ಟುತ್ತಿದ್ದಾನೆ. ಹಾಸಿಗೆಯಿಂದ ಮೂರು ಹೆಜ್ಜೆ. ನಿಮ್ಮ ಮಗ ಯಾಕೆ ಏನು ಎಂದು ಕೇಳಲು ಬಂದರು. ಅತ್ತೆಗೆ ಬೇಕು ಎಂದೆ, ದಾಸಯ್ಯನಿಗೆ ಇಟ್ಟಿಗೆ ಎತ್ತಿಕೊಡಲು ನಿಂತರು. ಒಡೆದ ಗೋಡೆಯನ್ನು ಮತ್ತೆ ಮುಚ್ಚಿಸುವವಳಲ್ಲ ನಾನು. ಹಳೆಯ ಮೆತ್ತನೆಯ ಸೀರೆಗಳನ್ನು ಹರಿದು, ಹೊಲಿದು, ಮಡಿಸಿ ನಿಮ್ಮ ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಒಗೆಯುವವಳು ನಾನು. ಅದರ ಬಗ್ಗೆ ನಮ್ಮಿಬ್ಬರಲ್ಲಿ ಮಾತು ಬೇಡ.

ಭಾನುವಾರ ಮೊದಲನೇ ಬಸ್ಸಿಗೆ ಹೊರಟು, ತುಮಕೂರಿನಲ್ಲಿ ಬಸ್ಸು ಬದಲಾಯಿಸಿ, ಕುಣಿಗಲ್ ಮೇಲೆ ಬರುತ್ತೇನೆ. ದಾರಿಯ ಚಿಂತೆ ಬೇಡ. ಎಲ್ಲೆಲ್ಲಿ ಇಳಿದು ಹೋಗಿಬರಬಹುದು ಎಂದು ಕೇಳಿಟ್ಟುಕೊಂಡಿದ್ದೇನೆ. ಬರುವುದಿಲ್ಲ ಎಂದು ಹೇಳಲು ನೀವು ಬಾಯಿ ತೆರೆದರೆ, ನಾನು ನಿಮ್ಮ ಬಾಗಿಲಲ್ಲೇ ಕೂರುತ್ತೇನೆ. ನನ್ನ ಹಟ ನಿಮಗೆ ಗೊತ್ತು, ಅದು ನಿಮ್ಮಿಂದಲೇ ಬಂದದ್ದು.

ಬೆಳಿಗ್ಗೆ ಹೊರಡುವ ಮುಂಚೆ ಹೊಟ್ಟೆ ತುಂಬ ನೀರು ಕುಡಿಯಿರಿ, ಅತ್ತೆ. ಆಶೀರ್ವಾದವನ್ನು ಕಾಗದದಲ್ಲಿ ಬರೆದು ಕಳಿಸಬೇಡಿ. ಮನೆಗೆ ಬಂದು ತಲೆಯ ಮೇಲೆ ಕೈಯಿಟ್ಟು ಮಾಡಿ.

ಭಾನುವಾರ ಬರುವ ನಿಮ್ಮ ಸೊಸೆ,
ಕಲ್ಲಮ್ಮ