ದೊಡ್ಡವಳಿಗೂ ಬೈಯಬೇಕು

ಟೀಚರ್ ಅವರಿಗೆ, ಹೊಲಿಗೆ ಅಂಗಡಿಯವಳ ನಮಸ್ಕಾರ.

ನನ್ನ ಇಬ್ಬರು ಹೆಣ್ಣುಮಕ್ಕಳಿಗೆ ಮನೆಗೇ ಬಂದು ಪಾಠ ಹೇಳಿಕೊಡುವವರು ಬೇಕಾಗಿದ್ದಾರೆ. ಚಿಕ್ಕವಳು ಮೂರನೇ ಕ್ಲಾಸು, ಬರೀ ತಲೆಹರಟೆ. ದೊಡ್ಡವಳು ಐದನೇ ಕ್ಲಾಸು. ಕಾಯಿಲೆಯಾಗಿ ಹಾಸಿಗೆ ಹಿಡಿದಿದ್ದಾಳೆ. ಡಾಕ್ಟರು ಹೇಳಿದ್ದನ್ನು ಇಲ್ಲಿ ಬರೆಯಲಾರೆ. ಅವಳಿಗೂ ಹೇಳಿಲ್ಲ.

ಹಿಂದಿನ ಮೇಷ್ಟ್ರು ಒಳ್ಳೆಯವರೇ, ಆದರೂ ನಾನೇ ಬಿಡಿಸಿದೆ. ಮಗ್ಗಿ ತಪ್ಪಿದರೆ ಚಿಕ್ಕವಳ ಕಿವಿ ಹಿಂಡುತ್ತಿದ್ದರು. ದೊಡ್ಡವಳು ಏನು ಹೇಳಿದರೂ ಶಭಾಷ್ ಎನ್ನುತ್ತಿದ್ದರು. ಹೋದ ವಾರ ಅವರು ಎದ್ದು ಹೋದ ಮೇಲೆ ದೊಡ್ಡವಳು ನನ್ನನ್ನು ಕರೆದಳು.

"ಅಮ್ಮಾ, ಏಳೆಂಟ್ಲ ಐವತ್ನಾಲ್ಕು ಅಂತ ಬೇಕಂತಲೇ ತಪ್ಪು ಹೇಳ್ದೆ. ಅದಕ್ಕೂ ಶಭಾಷ್ ಅಂದ್ರು. ನನಗೆ ವಾಸಿಯಾಗಲ್ವಾ?"

"ಹೋಗೇ ಹುಚ್ಚಿ, ಮೇಷ್ಟ್ರಿಗೆ ಕಿವಿ ಮಂದ" ಎಂದುಬಿಟ್ಟೆ. ಅವಳು ನಂಬಿದವಳ ಹಾಗೆ ನಕ್ಕಳು.

ಆದ್ದರಿಂದ ನೀವು ಅವಳ ತಪ್ಪನ್ನು ತಪ್ಪು ಎಂದೇ ಹೇಳಬೇಕು. ಸೋಮಾರಿ ಎಂದು ಬೈಯಿರಿ, ಹೋಂವರ್ಕ್ ಕೊಡಿ, ಮಾಡದಿದ್ದರೆ ಮುಖ ಗಂಟು ಹಾಕಿಕೊಳ್ಳಿ. ಆರನೇ ಕ್ಲಾಸಿನ ಪುಸ್ತಕಗಳನ್ನು ತಂದು ಅವಳ ತಲೆದಿಂಬಿನ ಪಕ್ಕ ಇಟ್ಟಿದ್ದೇನೆ. "ಇದನ್ನೆಲ್ಲಾ ಯಾವಾಗ ಕಲಿಯೋದು ನೀನು?" ಎಂದು ಗದರಿಸಿ.

ನಡುವೆ ನಿಮಗೆ ಅಳು ಬಂದರೆ, ನೀರು ಕುಡಿಯುವ ನೆಪ ಮಾಡಿ ಮುಂದಿನ ಕೋಣೆಗೆ, ನನ್ನ ಹತ್ತಿರ ಬನ್ನಿ. ನಾನು ಹೊಲಿಗೆ ಮಿಷನ್ ಜೋರಾಗಿ ತುಳಿಯುತ್ತೇನೆ. ಒಳಗೆ ಏನೂ ಕೇಳಿಸುವುದಿಲ್ಲ. ಇಷ್ಟು ದಿನವೂ ಕೇಳಿಸಿಲ್ಲ.

ನಿಮ್ಮ ದಾರಿ ನೋಡುತ್ತಿರುವ,
ಮಕ್ಕಳ ತಾಯಿ