ಹತ್ತದ ಕೆಂಪು ದೀಪ

ಮಾರ್ಚ್ ೧೪, ಗುರುವಾರ

ಸ್ಟುಡಿಯೋದಲ್ಲಿ ಇಪ್ಪತ್ತೆರಡು ವರ್ಷ ಹಾಡುಗಳ ಮಿಕ್ಸಿಂಗ್ ಮಾಡಿದವನು ನಾನು, ಇವತ್ತು ಆಫ್ ಆಗಿದ್ದ ನಾಬನ್ನು ಮುಕ್ಕಾಲು ಗಂಟೆ ತಿರುಗಿಸಿದೆ. ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಹಾಡಿದವಳು ಹೊಸಬಳು, ಆಸ್ಪತ್ರೆಯಲ್ಲಿ ನರ್ಸ್. ಧ್ವನಿ ಒರಟಾಯಿತು, ಬೇರೆಯವರಿಂದ ಹಾಡಿಸೋಣ ಎಂದು ಸಂಗೀತ ನಿರ್ದೇಶಕರು ಬೆಳಿಗ್ಗೆಯೇ ರಾಗ ಎಳೆದರು. ಅವಳ ಮುಖ ಸಪ್ಪಗಾಯಿತು. ಸ್ವಲ್ಪ ತಾಳಿ, ನಯ ಮಾಡಿಕೊಡುತ್ತೇನೆ ಎಂದು ನಾನು ಕೂತೆ. ಧ್ವನಿಯ ಒರಟು ಅಳಿಸುವ ನಾಬನ್ನು ಕೂದಲೆಳೆಯಷ್ಟು ಆಚೆ, ಕೂದಲೆಳೆಯಷ್ಟು ಈಚೆ ತಿರುಗಿಸಿದೆ. ಕೊನೆಗೆ ನಿರ್ದೇಶಕರು ತೊಡೆ ತಟ್ಟಿ, “ಹಾಂ! ಈಗ ಬಂತು ನೋಡಿ ದಾರಿಗೆ. ಇವಳದ್ದೇ ಇರ್ಲಿ” ಎಂದು ಕಾಫಿಗೆ ಹೋದರು. ನಾನು ಬೀಗಿದೆ.

ಆಗ ಅವಳು ಮೆಲ್ಲಗೆ, “ಅಣ್ಣಾ, ಆ ನಾಬ್ ಪಕ್ಕದ ಕೆಂಪು ದೀಪ ಹತ್ತೇ ಇಲ್ವಲ್ಲ? ವಾರ್ಡಲ್ಲಿ ಯಾವ ಮೆಷಿನ್ ಮುಟ್ಟಿದ್ರೂ ಮೊದ್ಲು ದೀಪ ನೋಡೋದೇ ನಮಗೆ ಅಭ್ಯಾಸ” ಎಂದಳು.

“ಅಯ್ಯೋ, ಮೊದ್ಲೇ ಹೇಳೋದಲ್ವಾ ತಾಯಿ!”

“ನೀವು ಅಷ್ಟು ಕಷ್ಟಪಡ್ತಿದ್ರಿ. ಅವರ ಮುಂದೆ ಹೇಗೆ ಹೇಳ್ಲಿ?”

ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ನನ್ನ ಮಾನ ಉಳಿಸಿದಳು, ಪುಣ್ಯಾತ್ಗಿತ್ತಿ.

ಅವಳು ಹೋದ ಮೇಲೆ ಕೈಕಟ್ಟಿ ಕೂತು ಹಾಡನ್ನು ಮತ್ತೆ ಕೇಳಿದೆ. ಎರಡನೇ ಸಾಲಿನ ಕೊನೆಯಲ್ಲಿ ಗಂಟಲು ಒಂಚೂರು ಗರಗರ ಎನ್ನುತ್ತದೆ. ಅಲ್ಲೇ ನನ್ನ ಕಣ್ಣು ತುಂಬಿತು. ನಾಬ್ ಆನ್ ಇದ್ದಿದ್ದರೆ ಅದನ್ನೇ ಮೊದಲು ಒರೆಸಿ ಹಾಕುತ್ತಿದ್ದೆ. ಇಷ್ಟು ವರ್ಷದಲ್ಲಿ ಇಂಥವು ಎಷ್ಟು ಹೋದವೋ. ಇದೊಂದಾದರೂ ಉಳಿಯಿತಲ್ಲ.

ಹೊರಡುವ ಮುಂಚೆ ಆ ನಾಬನ್ನು ಆನ್ ಮಾಡುವ ಸ್ವಿಚ್ಚಿನ ಮೇಲೆ ಟೇಪ್ ಅಂಟಿಸಿ ‘ಮುಟ್ಟಬೇಡ’ ಎಂದು ಬರೆದು ಬಂದೆ. ಆ ಕೋಣೆಯಲ್ಲಿ ಅದನ್ನು ಮುಟ್ಟುವವನು ನಾನೊಬ್ಬನೇ.