ನಿನ್ನ ವಿಮಾನ ಹಾರಿತು

ವರ್ರಾಬಿಲ್
ಮಾರ್ಚ್ 12, 1986

ಪ್ರೀತಿಯ ಕ್ಲಿಫ್ ಅಣ್ಣನಿಗೆ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರೆಯದೆ ಸತಾಯಿಸಿದ್ದಕ್ಕೆ ಬಯ್ಯಬೇಡ. ಕಾರುಂಬಾದ ಸೀಗಡಿ ದೋಣಿಯಲ್ಲಿ ನಿನಗೆ ಊಟ ನಿದ್ದೆ ಸರಿಯಾಗಿ ಆಗುತ್ತಿದೆಯೇ ಎಂದು ಅಮ್ಮ ದಿನಾ ನನ್ನನ್ನು ಕೇಳುತ್ತಾಳೆ, ನಾನೇನೋ ಅಲ್ಲಿಗೆ ಹೋಗಿ ನೋಡಿಬಂದವಳ ಹಾಗೆ. ಇಲ್ಲಿ ಎಲ್ಲರೂ ಕ್ಷೇಮ. ಗೋಧಿ ಕೊಯ್ದ ಹೊಲಗಳಲ್ಲಿ ಈಗ ಬರೀ ಕೂಳೆ ಮತ್ತು ನೊಣ. ಕಂದು ಹೇಂಟೆ ಟ್ರ್ಯಾಕ್ಟರಿನ ಸೀಟಿನ ಮೇಲೆ ಕಾವು ಕೂತಿದೆ. ಅದನ್ನು ಎಬ್ಬಿಸಲು ಮನಸ್ಸು ಬಾರದೆ ಅಪ್ಪ ಕೆಲಸವನ್ನೇ ಮುಂದೆ ಹಾಕುತ್ತಿದ್ದಾನೆ.

ನೀನು ಕಾಯುತ್ತಿರುವ ಸುದ್ದಿ ಹೇಳಿಬಿಡುತ್ತೇನೆ. ನಿನ್ನ ವಿಮಾನ ಹಾರಿತು. ಮೊನ್ನೆಯದಲ್ಲ, ಅದರ ಹಿಂದಿನ ಭಾನುವಾರ ರೆಕ್ಕೆಯನ್ನು ಕಂಬಳಿಯಲ್ಲಿ ಸುತ್ತಿ ಮಾದರಿ ವಿಮಾನಗಳ ಕ್ಲಬ್ಬಿನ ಬಯಲಿಗೆ ಒಯ್ದೆ. ನಿನಗೆ ಮಾತು ಕೊಟ್ಟಿದ್ದ ಹಾಗೆ ಕ್ಲಬ್ಬಿನ ಹಿರಿಯರಾದ ಮರ್ವ್ ಅವರೇ ಹಾರಿಸಿದರು. ಹೊಸ ವಿಮಾನವನ್ನು ಮೊದಲ ಸಲ ಕಟ್ಟಿದವನೇ ಹಾರಿಸಬಾರದು, ಆಸೆಗೆ ಅವನ ಕೈ ನಡುಗುತ್ತದೆ ಎಂದು ಅವರು ಹೇಳುವುದು ನಿನಗೆ ಗೊತ್ತಲ್ಲ. ಅಡುಗೆಮನೆಯ ಮೇಜಿನ ಮೇಲೆ ನೀನು ಕೊಯ್ದು ಅಂಟಿಸಿದ ಮರದ ಪಟ್ಟಿಗಳು, ನಾನು ಇಸ್ತ್ರಿಪೆಟ್ಟಿಗೆ ಎಳೆದು ಬಿಗಿ ಮಾಡಿದ ಕೆಂಪು ಹೊದಿಕೆ, ಎಲ್ಲ ಮೇಲೆ ಹೋದ ಮೇಲೆ ನಿಜವಾದ ವಿಮಾನವೇ ಆಗಿಬಿಟ್ಟಿತು.

ಇಷ್ಟೇ ಬರೆದು ಮುಗಿಸಬೇಕೆಂದು ಕೂತೆ. ಆಗಲಿಲ್ಲ. ಅದಕ್ಕೂ ಮೊದಲು ಒಂದು ನಡೆಯಿತು.

ವಿಮಾನವನ್ನು ನೆಲದಿಂದಲೇ ನಡೆಸುವ ನಿನ್ನ ರೇಡಿಯೋದ್ದೂ ಮರ್ವ್ ಅವರ ರೇಡಿಯೋದ್ದೂ ಒಂದೇ ನಂಬರು, ಎಂಟು. ಬೇಲಿಕಂಬದ ಹಲಗೆಯಿಂದ ಆ ನಂಬರಿನ ಬಟ್ಟೆ ಕ್ಲಿಪ್ಪು ತೆಗೆದು ಅಂಗಿಗೆ ಸಿಕ್ಕಿಸಿಕೊಳ್ಳದೆ ಯಾರೂ ರೇಡಿಯೋ ಹಾಕಬಾರದು, ಹಾಕಿದರೆ ಮೇಲಿರುವ ವಿಮಾನಕ್ಕೆ ಯಾರ ಮಾತು ಕೇಳಬೇಕೋ ತಿಳಿಯದೆ ಬೀಳುತ್ತದೆ ಎಂದು ನೀನೇ ನನಗೆ ಹೇಳಿಕೊಟ್ಟಿದ್ದೆ. ನನಗೆ ನೆನಪಿತ್ತು. ಆದರೆ ಹಲಗೆಯ ಸುತ್ತ ಗಂಡಸರು ಚಹಾ ಕುಡಿಯುತ್ತ ನಿಂತಿದ್ದರು. ಅವರ ನಡುವೆ ನುಗ್ಗಿ ಹೋಗಲು ನನ್ನ ಕಾಲು ಏಳಲಿಲ್ಲ. ಬ್ಯಾಟರಿ ಸರಿಯಾಗಿ ತುಂಬಿದೆಯೋ ಇಲ್ಲವೋ ಒಮ್ಮೆ ನೋಡಿಬಿಡೋಣ, ಕ್ಷಣದ ಕೆಲಸ ಎಂದುಕೊಂಡು ಗಾಡಿಯೊಳಗೇ ಕೂತು ವಿಮಾನದ್ದೂ ರೇಡಿಯೋದ್ದೂ ಗುಂಡಿ ಒತ್ತಿದೆ. ಬಾಲ ಅಲ್ಲಾಡಿತು. ಎಷ್ಟು ಖುಷಿಯಾಯಿತೆಂದರೆ ಇನ್ನೊಮ್ಮೆ ಅಲ್ಲಾಡಿಸಿದೆ. ಅಷ್ಟರಲ್ಲಿ ಹೊರಗೆ ಕೂಗು ಕೇಳಿತು.

ಮೇಲೆ ಹಾರುತ್ತಿದ್ದ ಮರ್ವ್ ಅವರ ಹಳದಿ ವಿಮಾನ ಮೂಗು ಕೆಳಗೆ ಮಾಡಿ ಕೂಳೆಯೊಳಗೆ ಬಿತ್ತು.

"ಏನ್ ಮರ್ವ್, ಕನ್ನಡಕ ಮನೇಲಿ ಬಿಟ್ಟು ಬಂದ್ಯಾ?" ಎಂದ ಕ್ಲಬ್ಬಿನ ಕಾರ್ಯದರ್ಶಿ ನೆವ್.

"ಕನ್ನಡಕ ಮೂಗಿನ ಮೇಲೇ ಇದೆ ಕಣೋ. ಕೈನೇ ನಂದಲ್ಲ ಅಂತು."

ಚೂರುಗಳನ್ನು ಚೀಲದಲ್ಲಿ ತುಂಬಿ ತಂದ ಮೇಲೆ ಯಾರೂ ನಗಲಿಲ್ಲ. ನೆವ್ ಸುತ್ತ ನೋಡಿ, "ಯಾರಾದ್ರೂ ಎಂಟನೇ ನಂಬರ್ ಹಾಕಿದ್ರೇನ್ರೋ?" ಎಂದು ಕೇಳಿದ. ಎಲ್ಲರೂ ಇಲ್ಲವೆಂದರು. ಆಮೇಲೆ ನಮ್ಮ ಗಾಡಿಯ ಕಿಟಕಿಗೆ ಬಗ್ಗಿದ. "ನೀನೇನೂ ಮುಟ್ಟಿಲ್ಲ ತಾನೇ, ನರೆಲ್?"

ಇಲ್ಲವೆಂದು ತಲೆಯಾಡಿಸಿದೆ.

"ಆ ಹುಡುಗೀನ ಯಾಕೋ ಹೆದರಿಸ್ತೀಯ?" ಎಂದರು ಮರ್ವ್. "ಪಾಪ, ಬಂದಾಗಿಂದ ಗಾಡಿಯಿಂದ ಇಳಿದೇ ಇಲ್ಲ ಅವಳು. ತಪ್ಪು ನಂದೇ. ಚಳಿಗಾಲದಿಂದ್ಲೂ ಬೆರಳು ಮರಗಟ್ತಾ ಇದೆ. ಹೇಳಿದ್ರೆ ಆಡ್ಕೋತೀರಿ ಅಂತ ಹೇಳಿರ್ಲಿಲ್ಲ."

ನಿನ್ನ ವಿಮಾನ ಮುಟ್ಟಲು ಅವರು ಒಪ್ಪಲಿಲ್ಲ. "ಇದನ್ನೂ ಬೀಳಿಸಿದ್ರೆ ಕ್ಲಿಫ್‌ಗೆ ಏನಂತ ಹೇಳ್ಲಿ?" ಎಂದರು. "ಮಾತು ಕೊಟ್ಟಿದೀಯ, ಹಾರ್ಸು ಮಾರಾಯ. ಬಿದ್ರೆ ಅವನು ಕಾರುಂಬಾದಿಂದ ಈಜ್ಕೊಂಡು ಬಂದು ನಿನ್ನ ಹೊಡೆಯೋದ್ರೊಳಗೆ ನೀನೇ ಹೋಗಿರ್ತೀಯ" ಎಂದ ನೆವ್. ಕೊನೆಗೆ ಒಪ್ಪಿದರು. ಎಲ್ಲರೂ ಆಕಾಶ ನೋಡುತ್ತಿದ್ದಾಗ ನಾನು ಅವರ ಬೆರಳು ನೋಡುತ್ತಿದ್ದೆ. ವಿಮಾನ ಎಡಕ್ಕೆ ವಾಲಿದಾಗ ಒಂದು ಹೆಬ್ಬೆರಳು ಮಾತ್ರ ಕೂದಲೆಳೆಯಷ್ಟು ಸರಿಯಿತು, ವಿಮಾನ ನೇರವಾಯಿತು. ಆ ಕೈ ನಡುಗಲೇ ಇಲ್ಲ ಅಣ್ಣ. ಮೊಟ್ಟೆಯನ್ನು ಬುಟ್ಟಿಯಲ್ಲಿಟ್ಟ ಹಾಗೆ ಇಳಿಸಿದರು.

ಎಲ್ಲರೂ ಚಪ್ಪಾಳೆ ತಟ್ಟಿದರು. ಅವರು ಮಾತ್ರ, "ಅದೃಷ್ಟ ಚೆನ್ನಾಗಿತ್ತು. ಮರ್ಯಾದೆ ಇದ್ದಾಗ್ಲೇ ನಿಲ್ಲಿಸ್ಬೇಕು. ಇನ್ನು ನಾನು ಹಾರ್ಸಲ್ಲ" ಎಂದರು. ಹೆಂಡತಿ ಪೆಗ್ ತೀರಿಕೊಂಡ ಮೇಲೆ ಅವರು ಕ್ಷೌರ ಮಾಡಿಕೊಳ್ಳುವುದೇ ಭಾನುವಾರದ ಹಾರಾಟಕ್ಕಾಗಿ ಎಂದು ಅಮ್ಮ ಹೇಳುತ್ತಾಳೆ. ನಿನ್ನೆ ಅಂಗಡಿಯಲ್ಲಿ ಕಂಡರು. ಗಡ್ಡ ಬೆಳೆದಿತ್ತು. ಡಬ್ಬಿ ಎತ್ತಿಕೊಳ್ಳುವ ಮೊದಲು ತಮ್ಮ ಕೈಯನ್ನೇ ನೋಡಿಕೊಂಡರು, ಬೇರೆಯವರ ಕೈ ನೋಡುವ ಹಾಗೆ. ನಾನು ಹಿಟ್ಟಿನ ಚೀಲಗಳ ಹಿಂದೆ ಸರಿದು ನಿಂತೆ.

ನನ್ನ ಸಂಕೋಚ ನಿನಗೆ ಗೊತ್ತು. ಅಷ್ಟು ಜನರ ಮುಂದೆ ಬಾಯಿ ಬರಲಿಲ್ಲ. ಶನಿವಾರ ಅವರ ಮನೆಗೆ ಹೋಗಿ ಹೇಳುತ್ತೇನೆ. ನಾನು ಹೇಳಿದೆನೋ ಇಲ್ಲವೋ ಎಂದು ನೀನು ಮುಂದಿನ ಕಾಗದದಲ್ಲಿ ಕೇಳಲೇಬೇಕು. ಕೇಳುವವರಿಲ್ಲದಿದ್ದರೆ ನಾನು ಸುಮ್ಮನಿದ್ದುಬಿಡುತ್ತೇನೇನೋ ಎಂದು ಭಯ.

ಬಲೆ ಎಳೆಯುವಾಗ ಜೋಪಾನ. ಸಮುದ್ರ ನಿನ್ನ ಮೇಲೆ ಕರುಣೆ ಇಟ್ಟಿರಲಿ. ಅಪ್ಪ ಅಮ್ಮನ ಆಶೀರ್ವಾದಗಳು.

ನಿನ್ನ ತಂಗಿ,
ನರೆಲ್

ತಾ.ಕ.: ಕಾಗದ ಅಂಟಿಸುವ ಮುಂಚೆ ಓದಿ ನೋಡಿದೆ. ಸಂಕೋಚ ಎಂದು ಬರೆದಿದ್ದೇನೆ. ಅದು ಪೂರ್ತಿ ನಿಜವಲ್ಲ. ಆ ಭಾನುವಾರ ಎಲ್ಲರೂ ಹೊರಟುಹೋದ ಮೇಲೆ ಮರ್ವ್ ನನ್ನ ಹತ್ತಿರ ಬಂದು ತಮ್ಮ ರೇಡಿಯೋವನ್ನು ನನ್ನ ತೊಡೆಯ ಮೇಲಿಟ್ಟರು. "ನಂಗಿನ್ನು ಬೇಡ ಇದು. ನೀನು ಕಲಿ. ಆ ಹೊದಿಕೆ ಎಳೆದಿರೋದು ನೋಡ್ದೆ, ಒಂದು ಸುಕ್ಕಿಲ್ಲ. ಒಳ್ಳೇ ಕೈ ನಿಂದು" ಎಂದರು. ಸುತ್ತ ಒಂದು ನರಪಿಳ್ಳೆ ಇರಲಿಲ್ಲ. ಅವರಿಗೂ ಅವಸರವಿರಲಿಲ್ಲ, ಬಾಗಿಲಿಗೆ ಒರಗಿ ನಿಂತೇ ಇದ್ದರು. ಆಗ ಹೇಳಬಹುದಿತ್ತು. ನನಗೆ ಆ ರೇಡಿಯೋ ಬೇಕಾಗಿತ್ತು ಅಣ್ಣ. "ಥ್ಯಾಂಕ್ಸ್ ಮರ್ವ್" ಎಂದೆ. ಅಷ್ಟು ಸ್ಪಷ್ಟವಾಗಿ, ತಲೆಯೆತ್ತಿ, ನಾನು ಯಾರ ಹತ್ತಿರವೂ ಮಾತಾಡಿದ ನೆನಪಿಲ್ಲ.